ಎತ್ತಿಟ್ಟ ಹೆಪ್ಪು

ಎರಡನೆಯ ಕೊಡದ ನೀರನ್ನೂ ನಂಜುಂಡಮ್ಮ ಹಿತ್ತಿಲ ಕಲ್ಲಿನ ಮೇಲೆ ರಪ್ಪನೆ ಸುರಿದಳು. ಕೋಳಿಗಳು ಚೆದುರಿ ಓಡಿದವು. ಸಾವಿನ ಮನೆಯಲ್ಲಿ ತುಂಬಿಟ್ಟ ನೀರು, ಬೇಯಿಸಿದ ಅನ್ನ, ಹಾಲು, ಮೊಸರು ಯಾವುದೂ ಉಳಿಯಬಾರದು, ಮನೆಯ ಹಿರಿಯ ಹೆಂಗಸು ಎಲ್ಲವನ್ನೂ ಚೆಲ್ಲಬೇಕು. ಪಣಕಹಳ್ಳಿಯಲ್ಲಿ ಹಾಗೇ ನಡೆದುಬಂದಿತ್ತು. ಸತ್ತವಳು ಅವಳ ಒಡಹುಟ್ಟಿದ ತಂಗಿ ವಸಂತಮ್ಮ. ಯೇಸುವನ್ನು ನಂಬಿದ್ದ ತಂಗಿ ಇಂಥದ್ದನ್ನೆಲ್ಲ ಒಪ್ಪುತ್ತಿರಲಿಲ್ಲ ಎಂಬುದು ನಂಜುಂಡಮ್ಮನಿಗೆ ಗೊತ್ತು. ಗೊತ್ತಿದ್ದೇ ಚೆಲ್ಲುತ್ತಿದ್ದಳು.

“ಮೆಲ್ಗೆ ದೊಡ್ಡವ್ವ, ಕೊಡ ನೆಗ್ಗೋಯ್ತದೆ,” ಎಂದಳು ವಸಂತಮ್ಮನ ಮಗಳು ಸುನೀತ. ಅತ್ತು ಅವಳ ಕಣ್ಣುಗಳು ಊದಿದ್ದವು.

“ನೆಗ್ಗುದ್ರೆ ನೆಗ್ಗಲಿ. ನಿಮ್ಮವ್ವ ಬಂದು ಕೇಳಾಳಾ?”

ಹೆಣವನ್ನು ಮುಂದಿನ ಅಂಗಳದಲ್ಲಿ ಮಲಗಿಸಿದ್ದರು. ಜ್ವರವೆಂದು ಮಲಗಿದ ವಸಂತಮ್ಮ ಮತ್ತೆ ಏಳಲಿಲ್ಲ. ಸುತ್ತ ಕೂತವರು ಅವಳ ಮಾತನ್ನೇ ಆಡುತ್ತಿದ್ದರು. ಒಳಗೆ ಪಾತ್ರೆ ಬರಿದು ಮಾಡುತ್ತಿದ್ದ ನಂಜುಂಡಮ್ಮನಿಗೆ ಒಂದೊಂದೂ ಕೇಳಿಸುತ್ತಿತ್ತು.

“ನಂಗೆ ಯೇಸು ಕತೆ ಯೋಳುದ್ದು ರಾಗಿ ಕಳೆ ಕೀಳುವಾಗ,” ಎಂದಳು ಪಕ್ಕದ ಮನೆಯ ಮುದುಕಿ ದೊಡ್ಡಮಾದಮ್ಮ. “ಒಬ್ಬ ಕುರಿ ಕಾಯೋನು, ಒಂದು ಕುರಿ ತಪ್ಪೋಯ್ತು ಅಂತ ಮಿಕ್ಕಿದ್ದೆಲ್ಲಾ ಬುಟ್ಬುಟ್ಟು ಉಡುಕ್ಕೊಂಡೋದ್ನಂತೆ. ಅವ್ನೇನ್ ದಡ್ನಾ ಅಮ್ಮಿ, ನಮ್ಮ ಕಾಡಂಚಲ್ಲಿ ಅಂಗ್ ಬುಟ್ಟೋದ್ರೆ ಚಿರತೆ ಒಂದ್ನೂ ಉಳ್ಸಕಿಲ್ಲ ಅಂದೆ. ಊ ಕಣಕ್ಕ, ಅಂಥ ದಡ್ನೇ ಅವ್ನು, ಅದ್ಕೇ ಅವ್ನ್ ಇಂದೆ ಓದೆ ಅಂತ ನಕ್ಬುಟ್ಲು.”

“ನಂಗೆ ತಾಳವಾಡಿ ಬಸ್‌ಸ್ಟಾಪಲ್ಲಿ,” ಎಂದ ಚಿಕ್ಕಸಿದ್ದ. ಇವತ್ತೂ ಸ್ವಲ್ಪ ಕುಡಿದೇ ಬಂದಿದ್ದ. “ಅವತ್ತು ಬಸ್ ಲೇಟು, ಇಲ್ದಿದ್ರೆ ತಪ್ಪಿಸ್ಕತಿದ್ದೆ. ಏನ್ ಯೋಳುದ್ಲೋ ಒಂದೂ ಗ್ಯಾನ ಇಲ್ಲ. ಆದ್ರೆ ಪಕ್ದಲ್ಲಿ ಕೂತ್ಕಂಡ್ ಯೋಳುದ್ಲು. ಕುಡುಕನ್ ಪಕ್ಕ ಯಾವ ಎಂಗ್ಸು ಕೂತ್ಕತಾಳೆ?”

“ಕುಡಿಯೋದ್ ಬುಟ್ಯಾ?” ಎಂದು ಯಾರೋ ಕೇಳಿದರು.

“ಎಲ್ ಬುಟ್ಟೆ. ಅವ್ಳೂ ಯೋಳೋದ್ ಬುಡ್ನಿಲ್ಲ.”

ಹೆಣದ ಮುಂದೆಯೇ ಒಂದಿಬ್ಬರು ನಕ್ಕರು. ಒಳಗೆ ನಂಜುಂಡಮ್ಮನ ಕೈ ಪಾತ್ರೆಯ ಮೇಲೆ ನಿಂತಿತು. ಊರಿನಲ್ಲಿ ಯಾರೂ ದೇವರನ್ನು ಬದಲಿಸಿರಲಿಲ್ಲ. ಆದರೆ ವಸಂತಮ್ಮ ಹೇಳಿದ ಒಂದೊಂದು ಮಾತು ಎಲ್ಲರ ಹತ್ತಿರವೂ ಇತ್ತು. ನಂಜುಂಡಮ್ಮನ ಹತ್ತಿರ ಮಾತ್ರ ಇರಲಿಲ್ಲ. ಅಂಬಲಿಯ ಗಡಿಗೆಯನ್ನು ಎತ್ತಿಕೊಂಡು ಹಿತ್ತಿಲಿಗೆ ನಡೆದಳು.

*

ಸುನೀತ ಹಾಲುಹಲ್ಲಿನ ಮಗುವಾಗಿದ್ದಾಗಿನ ಮಾತು. ಮಗುವಿಗೆ ಕಾಯಿಲೆಯೆಂದು ವಸಂತಮ್ಮ ದೂರದ ಆಸ್ಪತ್ರೆಗೆ ಹೋಗಿದ್ದಳು. ಗಂಡ ಆಗಲೇ ತೀರಿಹೋಗಿದ್ದ. ಮಗು ಬದುಕಿತು. ತಾಯಿ ಯೇಸುವಿನ ಹೆಸರು ಹೇಳುತ್ತ ಊರಿಗೆ ಬಂದಳು.

ಒಂದು ಸಂಜೆ ಎಂದಿನಂತೆ ತೆಂಗಿನ ಕರಟದಲ್ಲಿ ಹೆಪ್ಪು ಹಿಡಿದು ಅಕ್ಕನ ಬಾಗಿಲಿಗೆ ಬಂದಳು. ದೊಡ್ಡಗಾಜನೂರಿನ ತವರಿನಿಂದ ಅವ್ವ ಇಬ್ಬರಿಗೂ ಕೊಟ್ಟು ಕಳಿಸಿದ್ದ ಹೆಪ್ಪು ಅದು. ಅಕ್ಕನ ಹಸು ಬತ್ತಿದರೆ ತಂಗಿಯ ಮನೆಯಿಂದ, ತಂಗಿಯ ಹಸು ಬತ್ತಿದರೆ ಅಕ್ಕನ ಮನೆಯಿಂದ ಓಡಾಡಿಕೊಂಡು ಉಳಿದಿತ್ತು.

“ಅಕ್ಕ, ಒಂದ್ ಮಾತಿತ್ತು. ಊರ್ನೋರ್ಗಿಂತ ಮೊದ್ಲು ನಿಂಗೇ ಯೋಳ್ಬೇಕು ಅಂತ ಬಂದೆ.”

“ಯಾವ ಮಾತು ಅಂತ ಗೊತ್ತು ಕಣ. ಆ ಎಸ್ರ ಈ ಒಸ್ಲತ್ರ ಎತ್ತುದ್ರೆ ನನ್ ಎಣ ನೋಡ್ದಂಗೆ. ನಿನ್ ಎಪ್ಪೂ ಬ್ಯಾಡ, ತಕ್ಕೋಗು.”

ವಸಂತಮ್ಮ ಕರಟದ ಮೇಲೆ ಮುಚ್ಚಿದ್ದ ಎಲೆಯನ್ನು ಸರಿಮಾಡಿದಳು. “ಸರಿ ಕಣಕ್ಕ,” ಎಂದು ತಿರುಗಿ ಹೋದಳು.

ಆಮೇಲೂ ಬರುವುದನ್ನು ಬಿಡಲಿಲ್ಲ. ಹೆರಿಗೆಗೆ ಬಂದಳು, ಮದುವೆಗೆ ಬಂದಳು, ಅಕ್ಕನ ಸೊಂಟ ಹಿಡಿದುಕೊಂಡಾಗ ಎಣ್ಣೆ ತಿಕ್ಕಲು ಬಂದಳು. ಊರ ಸುದ್ದಿಯೆಲ್ಲ ಆಡಿದಳು. ಆ ಮಾತೊಂದನ್ನು ಆಡಲಿಲ್ಲ. ನಂಜುಂಡಮ್ಮ ಬೇರೆ ಮನೆಯಿಂದ ಹೆಪ್ಪು ತಂದುಕೊಂಡಳು.

*

ದಿಂಬಂ ಘಾಟಿಯಲ್ಲಿ ಕಾಡುಗಳ್ಳನಿಗಾಗಿ ಪೊಲೀಸರು ಬಸ್ಸುಗಳನ್ನು ತಡೆತಡೆದು ಬಿಡುತ್ತಿದ್ದ ವರ್ಷಗಳವು. ಸತ್ತವಳನ್ನು ಮಣ್ಣು ಮಾಡಿಸಲು ಸತ್ಯಮಂಗಲದಿಂದ ಹೊರಟ ಪಾಸ್ಟರ್ ಸುಂದರ ಬಂದು ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ವಸಂತಮ್ಮನ ಹೊಲದ ಬದುವಿನಲ್ಲೇ ಗುಂಡಿ ತೋಡಿದ್ದರು. ಪೆಟ್ಟಿಗೆ ಇಳಿಸುವ ಮುಂಚೆ ಪಾಸ್ಟರು ನಾಲ್ಕು ಮಾತಾಡಿದರು.

“ಈ ಸಹೋದರಿ ಮೊದಲು ತನ್ನ ಮನೆಯವರಿಗೆ, ಆಮೇಲೆ ಊರಿಗೆಲ್ಲ ಸುವಾರ್ತೆ ಹೇಳಿದವರು...”

“ಸುಳ್ಳು ಯೋಳ್ಬ್ಯಾಡಿ,” ಎಂದಳು ನಂಜುಂಡಮ್ಮ.

ಎಲ್ಲರೂ ತಿರುಗಿದರು. ಗಂಡ ಜಡೆಸ್ವಾಮಿ ಅವಳ ತೋಳು ಹಿಡಿದ. “ಸುಮ್ಕಿರಮ್ಮಿ. ಎಣದ ಮುಂದೆ ಏನಿದು?”

“ಎಣದ ಮುಂದೇ ಯೋಳ್ಬೇಕು. ಕುಡುಕನ್ಗೆ ಯೋಳವ್ಳೆ. ಬಳೆ ಮಾರಕ್ ಬಂದೋನ್ಗೆ ಯೋಳವ್ಳೆ. ಒಂದೇ ಒಟ್ಟೇಲಿ ಉಟ್ಟೋಳ್ಗೆ ಒಂದ್ ದಪನೂ ಯೋಳ್ನಿಲ್ಲ.”

ಪಾಸ್ಟರು ದನಿ ತಗ್ಗಿಸಿದರು. “ಅಮ್ಮಾ, ನೀವೇ ಬೇಡ ಅಂದಿದ್ರಿ ಅಂತ ಅವರು ನನ್ನ ಹತ್ರ...”

“ಅಂದೆ. ಇಲ್ಲ ಅಂದ್ನಾ? ಆ ಗಂಡು ಬ್ಯಾಡ ಅಂದೆ, ಕಟ್ಕಂಡ್ಲು. ಈ ಒಲ ಬ್ಯಾಡ, ಕಾಡಂದಿ ನುಗ್ತವೆ ಅಂದೆ, ಕೊಂಡ್ಕಂಡ್ಲು. ಜ್ವರ ಮಡಿಕ್ಕಂಡ್ ಕಳೆಗೋಗ್ಬ್ಯಾಡ ಅಂದೆ, ಓದ್ಲು. ಉಟ್ಟಾಗಿಂದ ನನ್ ಒಂದ್ ಮಾತೂ ಕೇಳ್ದೆ ಇದ್ದೋಳು, ಅದೊಂದ್ ಕೇಳ್ಬೇಕಾಗಿತ್ತಾ?”

ಪಾಸ್ಟರು ಪುಸ್ತಕ ಮುಚ್ಚಿದರು. ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿದರು. ನಂಜುಂಡಮ್ಮ ತನ್ನ ಪಾಲಿನದನ್ನು ಜಗಳಕ್ಕೆ ಬಂದವಳಂತೆ ಎಸೆದಳು.

*

ಚೆಲ್ಲುವುದು ಇನ್ನೂ ಮುಗಿದಿರಲಿಲ್ಲ. ತಂಗಿಯ ಅಡುಗೆಮನೆಯ ನೆಲುವಿನಲ್ಲಿ ಮೊಸರಿನ ಮಡಕೆ ತೂಗುತ್ತಿತ್ತು. ನಂಜುಂಡಮ್ಮ ಒರಳಕಲ್ಲಿನ ಮೇಲೆ ಹತ್ತಿ ಅದನ್ನು ಇಳಿಸಿ, ಹಿತ್ತಿಲಿಗೆ ಒಯ್ದು ಸುರಿದಳು. ತಿರುಗಿ ಬಂದು ನೋಡಿದರೆ ಗೋಡೆಯ ಗೂಡಿನಲ್ಲಿ ಎಲೆ ಮುಚ್ಚಿದ ಒಂದು ಕರಟ.

“ಇದೇನು?”

“ಅದು ನಿಂದು ದೊಡ್ಡವ್ವ,” ಎಂದಳು ಸುನೀತ.

“ನಂದಾ?”

“ದಿನಾ ಆಲ್ಗೆ ಎಪ್ಪಾಕುವಾಗ ಮೊದ್ಲು ಇದ್ಕೆ ಎತ್ತಿಡೋಳು. ದೊಡ್ಡವ್ವ ತಕ್ಕಳಕಿಲ್ವಲ್ಲ, ಯಾಕವ್ವ ಅಂದ್ರೆ, ಕೇಳ್ಕಂಡ್ ಬಂದಾಗ ಇಲ್ಲ ಅನ್ಬಾರ್ದು ಅನ್ನೋಳು. ಬೆಳಿಗ್ಗೆ ಮಜ್ಜಿಗೆಗ್ ಉಯ್ಯೋಳು, ಸಂಜೆ ತಿರ್ಗ ಎತ್ತಿಡೋಳು.”

“ಜ್ವರ ಬಂದ್ಮೇಲೆ?”

“ನನ್ ಕೈಲಿ ಎತ್ತಿಡಿಸುದ್ಲು. ನೆನ್ನೇನೂ.”

ನಂಜುಂಡಮ್ಮ ಎಲೆ ಸರಿಸಿ ನೋಡಿದಳು. ಮತ್ತೆ ಮುಚ್ಚಿದಳು. ಕರಟವನ್ನು ಸೆರಗಿನೊಳಗೆ ಇಟ್ಟುಕೊಂಡು ಹೊರಬಂದಾಗ ಬಾಗಿಲಲ್ಲಿ ದೊಡ್ಡಮಾದಮ್ಮ ಅಡ್ಡ ನಿಂತಿದ್ದಳು.

“ನಂಜಿ, ಸಾವಿನ ಮನೆ ಎಪ್ಪು ಕಣ ಅದು. ಸೂತಕ. ನಿನ್ ಮನೆ ಒಳಿಕ್ ತಕ್ಕೋಗ್ಬ್ಯಾಡ.”

“ಊರೋರೆಲ್ಲಾ ಅವ್ಳತ್ರ ಒಂದೊಂದ್ ಮಾತು ಈಸ್ಕಂಡಿದ್ದೀರಿ. ನಂಗ್ ಮಾತ್ರ ಸೂತಕವಾ? ದಾರಿ ಬುಡು.”

ಮನೆಗೆ ಬಂದವಳು ಸ್ನಾನ ಮಾಡಲಿಲ್ಲ, ಕಾಲೂ ತೊಳೆಯಲಿಲ್ಲ. ಕಾಯಿಸಿದ್ದ ಹಾಲಿಗೆ ಬೆರಳದ್ದಿ ಬಿಸಿ ನೋಡಿದಳು. ಕರಟವನ್ನು ಬಗ್ಗಿಸಿ, ಅಂಟಿಕೊಂಡದ್ದನ್ನೂ ಬೆರಳಿನಲ್ಲಿ ಬಳಿದು ಹಾಕಿ ಕದಡಿದಳು.

“ದಡ್ಡಿ,” ಎಂದಳು. “ಎಣ ನೋಡ್ದಂಗೆ ಅಂದ್ರೆ ಬಾಯ್ ಮುಚ್ಕಂಡ್ಯಾ? ಯೋಳ್ಬುಡು ಈಗ. ಅದೇನ್ ಯೋಳ್ಬೇಕು ಅಂತಿದ್ಯೋ ಯೋಳು.”

ಪಾತ್ರೆಯನ್ನು ಎತ್ತಿಕೊಂಡು ಹೋಗಿ, ಯಾರೂ ಕೂರಬಾರದ ಹೊಸ್ತಿಲ ಮೇಲೆ ಕೂತಳು. ಬೀದಿಯಲ್ಲಿ ದನಗಳು ಮರಳುತ್ತಿದ್ದವು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹೆಪ್ಪು ಹಾಕಿದ ಹಾಲು ಅಲುಗಬಾರದೆಂದು, ಮಡಿಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.