ಮೊಣಕಾಲಿನಷ್ಟು ಜಾಗ

ಈಶಪ್ಪ ಬಿಸಿನೀರಲ್ಲಿ ಅದ್ದಿದ ಅರಿವೆಯನ್ನು ಹಿಂಡಿ ಅಕ್ಕನ ಬಲಮೊಣಕಾಲಿಗೆ ಸುತ್ತಿದ. ಎರಡೂ ಅಂಗೈಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದ. ಆಮೇಲೆ ಬಿಚ್ಚಿ, ಎಣ್ಣೆ ಸವರಿ, ಹಿಮ್ಮಡಿಗೆ ಕೈಕೊಟ್ಟು ಮಡಚಲು ನೋಡಿದ. ಕಾಲು ತುಸು ಬಾಗಿದಂತೆ ಮಾಡಿ ಅಲ್ಲಿಗೇ ನಿಂತಿತು. ಎಡಗಾಲು ಆಗಲೇ ಹೇಗೋ ಮಡಚಿಕೊಂಡಿತ್ತು.

"ಸಾವಕಾಶ ಮಾವಾ," ಎಂದ ಸಂಗನಬಸವ. ಅವನು ಗೋಡೆಗೆ ಆತು ಕುಳಿತು, ತಾಯಿಯ ತಲೆಯನ್ನು ತನ್ನ ಎದೆಗೆ ಆನಿಸಿಕೊಂಡಿದ್ದ. "ಆಕಿಗೆ ಆ ಕಾಲೇ ಭಾಳ ನೋಯ್ತಿತ್ತು."

ಈಶಪ್ಪ ಅಳಿಯನ ಮುಖ ನೋಡಿದ. "ನೋವು ಈಗೆಲ್ಲೈತೋ ಸಂಗಣ್ಣಾ?"

ಲಿಂಗಾಯತರಾದ ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪೂಜೆಗೆ ಕುಳಿತಂತೆ ಕಾಲು ಮಡಚಿ ಕೂಡಿಸುತ್ತಾರೆ. ಹಾಗೆಯೇ ವಿಮಾನವೆಂಬ ಸಿಂಗರಿಸಿದ ಚಟ್ಟದಲ್ಲಿ ಹೊತ್ತು, ಕುಣಿಯ ಒಳಗೋಡೆಯಲ್ಲಿ ತೋಡಿದ ಗೂಡಿನೊಳಗೂ ಹಾಗೆಯೇ ಕೂಡಿಸುತ್ತಾರೆ. ಅದಕ್ಕೇ ಉಸಿರು ನಿಂತ ಕೂಡಲೇ, ಮೈ ಮೆತ್ತಗಿರುವಾಗಲೇ, ಹಿರಿಯರು ಮೊದಲು ಕಾಲಿಗೆ ಕೈ ಹಾಕುವುದು. ನಸುಕಿನಲ್ಲಿ ಬಸಲಿಂಗವ್ವ ಹೋದಾಗ ಓಣಿಯ ಹಿರಿಯರಿಬ್ಬರು ಅದನ್ನೇ ಮಾಡಲು ಬಗ್ಗಿದ್ದರು. ಸಂಗನಬಸವ ಅವರ ಕೈ ಸರಿಸಿಬಿಟ್ಟಿದ್ದ. ಕಾಲಿಗೆ ಕೈ ಹಚ್ಚಬ್ಯಾಡ್ರಿ, ಅವ್ವಗ ನೋವಾಕ್ಕೈತಿ ಅಂದಿದ್ದ. ದುಃಖದಾಗ ಅದಾನ, ಒಂದೀಟ ಅತ್ತು ಹಗುರಾಗಲಿ ಎಂದು ಅವರು ಹಿಂದೆ ಸರಿದರು. ಲಕ್ಕಲಕಟ್ಟಿಯಿಂದ ಈಶಪ್ಪ ಬರುವಷ್ಟರಲ್ಲಿ ಬಿಸಿಲು ಪಡಸಾಲೆಗೆ ಇಳಿದಿತ್ತು, ಬಸಲಿಂಗವ್ವನ ಮೈ ಸೆಟೆದಿತ್ತು.

*

ಮೊಣಕಾಲು ನೋಯತೊಡಗಿದ ಹೊಸತರಲ್ಲಿ ಗಜೇಂದ್ರಗಡದ ದವಾಖಾನೆಗೆ ತಾಯಿಯನ್ನು ಕರೆದುಕೊಂಡು ಹೋದವನು ಸಂಗನಬಸವನೇ. ಡಾಕ್ಟರು ಎಕ್ಸ್‌ರೇ ಫೋಟೊ ಬೆಳಕಿಗೆ ಹಿಡಿದು, ಮೊಣಕಾಲು ಸವೆದಿವೆ ಎಂದು ಹೇಳಿ ಗುಳಿಗೆ ಬರೆದುಕೊಟ್ಟರು. ಕಸರತ್ತು ಕಲಿಯಲು ಪಕ್ಕದ ಕೋಣೆಗೆ ಕಳಿಸಿದರು. ಅವನು ಗುಳಿಗೆ ತರಲು ಹೊರಗೆ ಹೋದ. ಕೋಣೆಯಲ್ಲಿದ್ದ ನಾಜಮೀನ ಎಂಬ ಹುಡುಗಿ ಮುದುಕಿಯನ್ನು ಖುರ್ಚಿಯ ಮೇಲೆ ಕೂಡಿಸಿ, ಕಾಲನ್ನು ನೆಟ್ಟಗೆ ಎತ್ತಿಸಿ, ಹಿಡಿಸಿ, ಇಳಿಸಿ ತೋರಿಸಿದಳು. ಮಡಚುವುದನ್ನೂ ತೋರಿಸಿದಳು.

"ದಿನಾ ಮಾಡ್ರಿ ಅಮ್ಮಾರ. ನೋವಿದ್ದ ದಿನ ಕಡಿಮಿ ಮಾಡ್ರಿ. ಬಿಡಬ್ಯಾಡ್ರಿ ಅಷ್ಟ."

ಈ ಮಾತು ಕೇಳಿದವಳು ಬಸಲಿಂಗವ್ವ ಒಬ್ಬಳೇ. ಮಗನ ಕಿವಿಯಲ್ಲಿ ಉಳಿದದ್ದು ಸವೆದಿವೆ ಎಂಬ ಮಾತು.

ತಮ್ಮೂರು ರಾಜೂರಿಗೆ ಬಂದು ಅವಳು ಕಲಿತದ್ದನ್ನು ಮಾನವ್ವನಿಗೆ ಕಲಿಸಿದಳು. ಮಾನವ್ವ ಹಿಂದಿನ ಮನೆಯವಳು, ಕೂಲಿಗೆ ಹೋಗಿ ಹೋಗಿ ಮೊಣಕಾಲು ಹಿಡಿಸಿಕೊಂಡವಳು. ಬೆಳಿಗ್ಗೆ ಅವಳ ಮನೆಯ ಕಟ್ಟೆಯ ಮೇಲೆ ಇಬ್ಬರೂ ಕುಳಿತು ಕಾಲು ಎತ್ತಿ ಇಳಿಸುತ್ತಿದ್ದರು. ಹಾಲು ಹಾಕಲು ಬರುವ ರಮಜಾನಸಾಬ ಸೈಕಲ್ಲು ನಿಲ್ಲಿಸಿ, "ಬಸಲಿಂಗವ್ವಾರ, ಪೊಲೀಸ ಭರ್ತಿಗೆ ತಯಾರಿ ನಡಸೀರೇನ್ರಿ?" ಅಂದರೆ ಅವಳು, "ಹೌದಪಾ, ಮೊದಲ ನಿನ್ನ ಹಾಲಿನ್ಯಾಗಿನ ನೀರ ಹಿಡೀಬೇಕು," ಅನ್ನುತ್ತಿದ್ದಳು. ಆಮೇಲೆ ಒಬ್ಬರ ರಟ್ಟೆ ಒಬ್ಬರು ಹಿಡಿದು ಹನಮಪ್ಪನ ಗುಡಿಯವರೆಗೆ ಹೋಗಿ ಬರುವರು.

ಸೊಸೆ ಸುವರ್ಣಾ ಒಂದನ್ನು ಗಮನಿಸಿದ್ದಳು. ಕಸರತ್ತು ಮಾಡಿ ಬಂದ ದಿನ ಅತ್ತೆ ಹೆಚ್ಚೆಂದೋ ಕಡಿಮೆಯೆಂದೋ ಸಾರಿನ ಉಪ್ಪಿಗೆ ಹೆಸರಿಡುವಳು, ಮತ್ತೊಮ್ಮೆ ಚಹ ಕೇಳುವಳು, ತನ್ನ ತೌರಿನ ಕತೆ ತೆಗೆಯುವಳು. ಮಾಡದ ದಿನ ಗೋಡೆಗೆ ಮುಖಮಾಡಿ ಮಲಗುವಳು. ಹೊಸ್ತಿಲು ದಾಟುವ ಸಪ್ಪಳದಲ್ಲೇ ಸುವರ್ಣಾಗೆ ಇವತ್ತು ಎಂಥ ದಿನ ಎಂದು ತಿಳಿಯುತ್ತಿತ್ತು.

ಯುಗಾದಿಯ ಮುಂದೆ ಬಲಮೊಣಕಾಲು ಒಮ್ಮೆ ಬಾತಿತು. ಸಂಗನಬಸವನದು ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು. ಅವನು ತಾಯಿಯ ಕಾಲ ಬಳಿ ಕುಳಿತು, ಯಂತ್ರ ನೋಡುವ ಹಾಗೆಯೇ ಬೆರಳಿನಿಂದ ಒತ್ತಿ ಒತ್ತಿ ನೋಡಿದ.

"ಸವದ ಬೇರಿಂಗ್ ಇಟ್ಕೊಂಡು ಯಾರರ ಗಾಡಿ ಓಡಸ್ತಾರೇನವ್ವಾ? ಉಳದದ್ದ ಈಟ ಐತಿ. ಅದನ್ನರ ಕಾಯ್ಕೊ."

ಪಡಸಾಲೆಗೆ ಮಂಚ ಬಂತು. ನಡುವೆ ತೂತಿರುವ ಖುರ್ಚಿ ಬಂತು. ಊಟ, ನೀರು, ಚಹ ಎಲ್ಲವೂ ಮಂಚಕ್ಕೇ ಬಂತು. ಹಿಂಥಾ ಮಗನ್ನ ಪಡಿಯಾಕ ಪುಣ್ಯ ಬೇಕು ಎಂದು ರಾಜೂರಿನ ಹೆಂಗಸರು ಬಂದು ಬಂದು ಹೇಳಿ ಹೋದರು.

*

ಕಡೆಯ ದರ್ಶನಕ್ಕೆ ಮಾನವ್ವ ಓಣಿಯ ಗೋಡೆ ಹಿಡಿದುಕೊಂಡು ಬಂದಳು. ಹೂವಿನ ಪೊಟ್ಟಣವನ್ನು ಬಸಲಿಂಗವ್ವನ ತೊಡೆಯ ಮೇಲಿಟ್ಟು, ಆ ಬಲಗಾಲನ್ನು ಒಮ್ಮೆ ಮುಟ್ಟಿದಳು. ನರಗುಂದದಿಂದ ಬಂದ ಮಗಳು ಅನ್ನಪೂರ್ಣಾ ಅವಳನ್ನು ತಬ್ಬಿ ಅತ್ತಳು. ಯಾರೋ ಖುರ್ಚಿ ಸರಿಸಿಕೊಟ್ಟರು. ಬ್ಯಾಡವಾ ಎಂದು ಮಾನವ್ವ ನೆಲಕ್ಕೆ ಒಂದು ಕೈ ಊರಿ, ಇನ್ನೊಂದನ್ನು ಸುವರ್ಣಾಳ ಹೆಗಲಿಗೆ ಕೊಟ್ಟು, ಹಲ್ಲು ಕಚ್ಚಿಕೊಂಡು ಕೆಳಗೆ ಕುಳಿತಳು. ಕಾಲು ಮಡಚಿಯೇ ಕುಳಿತಳು.

ಸಂಗನಬಸವನ ಕಣ್ಣು ಅವಳ ಮೊಣಕಾಲಿನ ಮೇಲೆಯೇ ಇತ್ತು.

"ನೀ ಇನ್ನೂ ಕೆಳಗ ಕುಂಡ್ರತಿ ಏನ ಮಾನವ್ವಾ?"

"ಕುಂಡ್ರತೀನಪಾ. ಏಳೋದ ಒಂದೀಟ ತ್ರಾಸ."

ಅವನು ತಾಯಿಯ ಹಣೆಯ ವಿಭೂತಿಯನ್ನು ಬೆರಳಿನಿಂದ ಸರಿಮಾಡಿದ. "ಅವ್ವ ನಿನ್ನ ಕೂಡ ನಡದು ನಡದು ಸವಸ್ಕೊಂಡ್ಳು. ನಾ ಇನ್ನೂ ಲಗೂ ನಿಲ್ಲಸಬೇಕಿತ್ತು."

ಮಾನವ್ವ ಸುವರ್ಣಾಳ ಕಡೆ ನೋಡಿದಳು. ಸುವರ್ಣಾ ಬಿಸಿನೀರಿನ ಬೋಗುಣಿಯನ್ನು ಎತ್ತಿಕೊಂಡು, ನೀರು ಇನ್ನೂ ಬೆಚ್ಚಗಿದ್ದರೂ, ಒಲೆಯ ಕಡೆ ಹೋದಳು.

"ಹೌದಪಾ," ಎಂದಳು ಮಾನವ್ವ.

*

ದಸರೆ ಮುಗಿದ ಮೇಲಿನ ಮಾತು. ಸಂಗನಬಸವ ಗ್ಯಾರೇಜಿಗೆ ಹೋದ ಮೇಲೆ ಅತ್ತೆ ಮಂಚದಿಂದ ಸಣ್ಣ ದನಿಯಲ್ಲಿ ಕರೆದಿದ್ದಳು. ಕಾಲ ಒಂದೀಟ ಎತ್ತಿ ನೋಡಲೇನ ಸುವರ್ಣಾ, ಅವಗ ಹೇಳಬ್ಯಾಡ ಅಂದಿದ್ದಳು. ಸುವರ್ಣಾ ಬಾಗಿಲು ಮುಂದೆ ಮಾಡಿ ಖುರ್ಚಿ ತಂದಳು. ಕೆಲವು ದಿನ ಹಾಗೆಯೇ ಕದ್ದು ನಡೆಯಿತು. ಕಾಲು ಬಾತುಕೊಳ್ಳಲಿಲ್ಲ. ಅತ್ತೆ ಮತ್ತೆ ಉಪ್ಪಿಗೆ ಹೆಸರಿಡತೊಡಗಿದಳು.

ಒಂದು ದಿನ ಗೋಡೆ ಹಿಡಿದು ಅಡಿಗೆಮನೆಗೇ ಬಂದಳು. ಗ್ಯಾಸಿನ ಕಟ್ಟೆಗೆ ಹೊಟ್ಟೆ ಆನಿಸಿ ನಿಂತು, ಹಿಟ್ಟು ಕೊಡು ಎಂದಳು. ನಿಂತು ಬಡಿದು ಗೊತ್ತಿಲ್ಲದ ಕೈ. ರೊಟ್ಟಿಯ ಅಂಚು ಒಂದು ಕಡೆ ಹರಿಯಿತು, ಇನ್ನೊಂದು ಕಡೆ ಉದ್ದವಾಯಿತು.

"ನೋಡ, ಸಾಲ್ಯಾಗಿನ ನಕಾಶಿ ಆತು," ಎಂದು ನಕ್ಕಳು. "ಇದನ್ನ ನನ್ನ ಮಗನ ತಾಟಿಗೇ ಹಾಕು. ಏನಂತಾನ ನೋಡೂಣು."

ಮರೆತ ಫೋನಿಗಾಗಿ ತಿರುಗಿ ಬಂದ ಸಂಗನಬಸವ ಬಾಗಿಲಲ್ಲಿ ನಿಂತಿದ್ದ. ಅವನು ಸಿಟ್ಟಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಇದ್ದ ತಾಯಿಯನ್ನು ಕೂಸಿನಂತೆ ಎತ್ತಿಕೊಂಡು ಹೋಗಿ ಮಂಚದ ಮೇಲೆ ಮಲಗಿಸಿ, ಅವಳ ಪಾದ ಹಿಡಿದುಕೊಂಡು ಅತ್ತ. ಅಪ್ಪ ಹೋದ, ನೀನೂ ನೆಲಾ ಹಿಡದಿ ಅಂದ್ರ ನಾ ಎಲ್ಲಿ ಹೋಗ್ಲಿ ಅಂದ. ಆಮೇಲೆ ಅವಳ ಕೈ ತೆಗೆದು ತನ್ನ ತಲೆಯ ಮೇಲಿಟ್ಟುಕೊಂಡ.

"ಆಣಿ ಮಾಡು. ನಾ ಹೇಳೋತನಕ ಕಾಲಿಗೆ ತ್ರಾಸ ಕೊಡೂದಿಲ್ಲ ಅನ್ನು."

ಅವಳು ಅಂದಳು. ಅವನ ಕೂದಲಲ್ಲಿ ಹಿಟ್ಟು ಉಳಿಯಿತು.

ಮರುದಿನ ಸುವರ್ಣಾ ತಾನಾಗಿಯೇ ಖುರ್ಚಿ ತಂದಳು. ಅತ್ತೆ ಅದರ ಕಡೆ ನೋಡಲಿಲ್ಲ.

"ಮಗನ ತಲಿ ಮ್ಯಾಲ ಕೈ ಇಟ್ಟೀನವಾ. ಅವಗೇನರ ಆದ್ರ?"

ಗೋಡೆಗೆ ಹೊರಳಿದಳು. ಆಮೇಲೆ ಕೇಳಲಿಲ್ಲ. ಚಳಿ ಬೀಳುವ ಹೊತ್ತಿಗೆ ಬಲಗಾಲು ಚಾಚಿದಂತೆಯೇ ಉಳಿಯತೊಡಗಿತು. ಮೊದಲು ಚಹ ಬಿಟ್ಟಳು, ಆಮೇಲೆ ರೊಟ್ಟಿ, ಆಮೇಲೆ ಮಾತು. ಗಂಡನಿಗೆ ಹೇಳಿ ಆಣೆ ಬಿಡಿಸಬೇಕು ಎಂದು ಸುವರ್ಣಾ ದಿನವೂ ಅಂದುಕೊಂಡಳು. ಅವನು ಪ್ರತಿ ಸಂಜೆ ಬಂದು, ಎಣ್ಣೆ ಕೊಳೆಯ ಕೈ ತೊಳೆದು, ತಾಯಿಯ ಕಾಲಿನ ಕೆಳಗೆ ದಿಂಬು ಸರಿಮಾಡುವುದನ್ನು ನೋಡಿ ಸುಮ್ಮನಾದಳು.

*

ಇಳಿಹೊತ್ತಿಗೆ ವಿಮಾನ ಹೊರಟಿತು. ಎಡಗಾಲು ಮಡಚಿ, ಬಿಸಿನೀರಿನ ಕಾವಿಗೆ ಅರ್ಧವಷ್ಟೇ ಬಾಗಿದ ಬಲಮೊಣಕಾಲು ಮೇಲೆದ್ದು ಕುಳಿತಿದ್ದಳು ಬಸಲಿಂಗವ್ವ. ಹೊಸ ಸೀರೆಯನ್ನು ಎಷ್ಟು ಹೊದಿಸಿದರೂ ಅದು ಕಾಣುತ್ತಿತ್ತು. ಒಲಿ ಮುಂದ ರೊಟ್ಟಿ ಬಡಿಯಾಕ ಕುಂತಾಂಗ ಕಾಣ್ತಾಳ ಎಂದು ಗುಂಪಿನಲ್ಲಿದ್ದ ಮುದುಕಿಯೊಬ್ಬಳು ಅಂದಳು. ಪಕ್ಕದವಳು ಅವಳ ಸೆರಗು ಜಗ್ಗಿದಳು.

ಹೊಲದ ಬದುವಿನಲ್ಲಿ ಪರಶಪ್ಪ ಕುಣಿ ತೆಗೆದಿಟ್ಟಿದ್ದ. ಊರಿನ ಕುಣಿಗಳನ್ನೆಲ್ಲ ಅವನೇ ತೆಗೆಯುವವನು. ಗೂಡನ್ನು ಎಲ್ಲರಿಗೂ ತೋಡುವ ಅಳತೆಯಲ್ಲೇ ತೋಡಿದ್ದ. ಇಳಿಸಿ ಕೂಡಿಸಿದಾಗ ಬೆನ್ನು ಒಳಗೆ ಹೋಯಿತು, ತಲೆ ಹೋಯಿತು. ಬಲಮೊಣಕಾಲು ಗೂಡಿನ ಅಂಚಿಗೆ ತಗುಲಿ ನಿಂತಿತು. ಎರಡು ಸಲ ಸರಿಸಿ ನೋಡಿದರು. ಅಯ್ಯನವರು ಮಂತ್ರ ನಿಲ್ಲಿಸಿ, ಹೊತ್ತು ಮುಳುಗುತ್ತಿರುವ ಕಡೆ ನೋಡಿದರು.

ಕುಣಿಯೊಳಗಿದ್ದ ಈಶಪ್ಪ ತಲೆಯೆತ್ತಿದ. "ಒಮ್ಮೆ ಬಲಾ ಹಾಕಿ ಒತ್ತಿದ್ರ ಕುಂಡ್ರತೈತಿ ಸಂಗಣ್ಣಾ. ನೀ ಆ ಕಡೆ ಮಾರಿ ಮಾಡು."

"ಬ್ಯಾಡ ಮಾವಾ. ಕಾಲಿಗೆ ಕೈ ಹಚ್ಚಬ್ಯಾಡ್ರಿ."

ಬಸಲಿಂಗವ್ವನನ್ನು ಮತ್ತೆ ಮೇಲೆತ್ತಿ ವಿಮಾನದಲ್ಲಿ ಕೂಡಿಸಿದರು. ಪರಶಪ್ಪ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು, ಸಣ್ಣ ಗುದ್ದಲಿ ಹಿಡಿದು ಒಳಗೆ ಹಾರಿದ. ಗೂಡಿನ ಬಲಗಡೆ ಎರೆಮಣ್ಣನ್ನು ಕೆರೆಯತೊಡಗಿದ. ಮಣ್ಣು ಹೆಂಟೆ ಹೆಂಟೆಯಾಗಿ ಅವನ ಪಾದದ ಮೇಲೆ ಬಿತ್ತು. ಒಂದು ಗುಳಿಯಾಯಿತು.

ಸರಿಯಾಯಿತೋ ಇಲ್ಲವೋ ನೋಡಲು ಪರಶಪ್ಪ ತಾನೇ ಗೂಡಿನೊಳಗೆ ಕುಳಿತ. ಎಡಗಾಲು ಮಡಚಿದ, ಬಲಮೊಣಕಾಲನ್ನು ಎತ್ತಿ ಗುಳಿಯಲ್ಲಿ ಇಟ್ಟ, ತೆಗೆದ, ಮತ್ತೆ ಇಟ್ಟ.

"ಇಷ್ಟ ಸಾಕೇನ್ರಿ?"

ಸಂಗನಬಸವ ಕುಣಿಯ ಅಂಚಿನಲ್ಲಿ ಬಗ್ಗಿ ಅವನ ಮೊಣಕಾಲನ್ನೇ ನೋಡಿದ.

"ಇನ್ನೊಂದೀಟ ತಗಿ. ತಾಗಬಾರದು."

ಪರಶಪ್ಪ ಮಡಚಿದ ಕಾಲು ಬಿಡಿಸಿ ಎದ್ದು, ಮತ್ತೆ ಕೆರೆಯತೊಡಗಿದ.