ತಿರುಗಿ ಕೂತ ಪಾದ

ಔಷಧಿ ನರಕ್ಕೆ ಇಳಿಯುವ ದಿನಗಳಲ್ಲಿ ಜಯಮಾಲಾಳಿಗೆ ನಿದ್ದೆಗೂ ಎಚ್ಚರಕ್ಕೂ ನಡುವೆ ಗೋಡೆಯೇ ಇರುತ್ತಿರಲಿಲ್ಲ. ಮರ್ಫಿ ಟೌನಿನ ಬಾಡಿಗೆ ಕೋಣೆ ಮೆಲ್ಲಗೆ ತೇಲಿ ಹಲಸೂರು ಕೆರೆಯ ಮೇಲೆ ಹೋಗಿ ನಿಲ್ಲುತ್ತಿತ್ತು. ಅವಳು ನೀರಿನ ಮೇಲೆ ಕುಂಟೆಬಿಲ್ಲೆ ಆಡುತ್ತಿದ್ದಳು. ಹದಿಮೂರು ವರ್ಷದ ಹುಡುಗಿ. 1998ರ ಮಳೆಗಾಲದಲ್ಲಿ ಬಲಮಂಡಿಯ ಮೇಲೆ ಬಾವು ಕಂಡು, ಅದು ಮೂಳೆಯ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ದಸರೆ ಮುಗಿಯುವಷ್ಟರಲ್ಲಿ ಆಪರೇಷನ್ನಿನ ಮಾತು ಬಂತು.

ಸರ್ಜನ್ ಮೇಡಂ ಹಾಳೆಯ ಮೇಲೆ ಕಾಲಿನ ಚಿತ್ರ ಬರೆದು ಹೇಳಿದರು: "ಒಂದು, ತೊಡೆಯಿಂದ ಕಾಲು ತೆಗೀಬಹುದು. ಇಲ್ಲಾ, ಕೆಟ್ಟ ಮೂಳೆ ತೆಗೆದು ಒಳಗೆ ಲೋಹದ ಮಂಡಿ ಕೂರಿಸ್ಬಹುದು. ನೋಡೋಕೆ ಕಾಲು ಹಾಗೇ ಇರುತ್ತೆ. ಆದ್ರೆ ಇವಳು ಇನ್ನೂ ಬೆಳೀತಾಳೆ, ಮತ್ತೆ ಮತ್ತೆ ಆಪರೇಷನ್ ಬೇಕಾಗ್ಬಹುದು. ಓಡೋದು, ಹಾರೋದು ಕಷ್ಟ."

ಮೂರನೆಯದನ್ನು ಹೇಳುವ ಮೊದಲು ಪೆನ್ನು ಕೆಳಗಿಟ್ಟರು.

"ಮಂಡಿ ಪೂರ್ತಿ ತೆಗೆದು, ಕೆಳಗಿನ ಕಾಲನ್ನ ಹಿಂದುಮುಂದಾಗಿ ತಿರುಗಿಸಿ ತೊಡೆಗೆ ಜೋಡಿಸ್ತೀವಿ. ಪಾದದ ಕೀಲೇ ಮಂಡಿ ಆಗುತ್ತೆ. ಅದಕ್ಕೆ ಕೃತಕ ಕಾಲು ಹಾಕ್ಕೊಂಡು ಓಡಬಹುದು."

ತಾಯಿ ಅಯ್ಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಮ್ಮ ಕಡಿ ದೆವ್ವಕ್ಕ ಇರ್ತಾವ್ರಿ ಅಂಥಾ ಕಾಲು. ಬ್ಯಾಡ್ರಿ. ಲೋಹದ್ದೇ ಹಾಕ್ರಿ."

"ಅವ್ವಾ, ನಾನು ಓಡ್ಬೇಕು," ಎಂದಳು ಜಯಮಾಲಾ, ಕಣ್ಣು ಮುಚ್ಚಿಕೊಂಡೇ.

ಮೇಡಂ ತಾಯಿ-ಮಗಳನ್ನು ಶಿವಾಜಿನಗರಕ್ಕೆ ಕಳಿಸಿದರು. ಅದೇ ಆಪರೇಷನ್ ಆಗಿದ್ದ ಶಂಶುನ್ನೀಸಾ ಅಲ್ಲೊಂದು ಗಲ್ಲಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಇಪ್ಪತ್ತರ ಹುಡುಗಿ, ಎರಡೂ ಕಾಲಲ್ಲಿ ಮಷೀನು ತುಳಿಯುತ್ತಿದ್ದಳು. ವಿಷಯ ತಿಳಿದು ಬಾಗಿಲು ಹಾಕಿದಳು, ಕೃತಕ ಕಾಲನ್ನು ಬಿಚ್ಚಿ ಗೋಡೆಗೆ ಒರಗಿಸಿದಳು. ತೊಡೆಯ ತುದಿಯಲ್ಲಿ ಹಿಮ್ಮಡಿ ಮುಂದಾದ ಪಾದ.

"ಮುಟ್ಟಿ ನೋಡಿ ಅಮ್ಮಾ. ನಂದೇ ಕಾಲು."

ಅಯ್ಯಮ್ಮ ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಒಂದು ಬೆರಳು ಚಾಚಿದಳು. ಪಾದ ಬೆಚ್ಚಗಿತ್ತು. ಕಚಗುಳಿಗೆ ಕಿರುಬೆರಳು ಮಡಿಯಿತು, ಶಂಶುನ್ನೀಸಾ ನಕ್ಕಳು. ಅಯ್ಯಮ್ಮ ಮಗಳ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದಳು. ಬಸ್ಸು ಹೊರಟ ಮೇಲೆ ಮಗಳ ಬೋಳುತಲೆಯನ್ನು ಎದೆಗೊತ್ತಿಕೊಂಡು, "ಜೀವಂತ ಐತಿ ಅದು," ಎಂದಳು. "ನೀ ಹೇಳಿದಂಗ ಆಗ್ಲಿ."

ಆಪರೇಷನ್ನಿನ ಮಂಪರಿನಲ್ಲಿ ಜಯಮಾಲಾಳಿಗೆ ಎರಡು ಕಾಲು ಎರಡು ದಿಕ್ಕಿಗೆ ಹೊರಟಂತೆ, ತಾನು ಯಾವುದರ ಹಿಂದೆ ಹೋಗಬೇಕೆಂದು ತಿಳಿಯದೆ ಮೋಡದಲ್ಲಿ ಕೂತಂತೆ ಕಂಡಿತು. ಎಚ್ಚರಾದಾಗ ಮಂಡಿ ನೋಯುತ್ತಿತ್ತು, ಅಲ್ಲಿ ಮಂಡಿಯೇ ಇರಲಿಲ್ಲ. ಮತ್ತೆ ತಿಂಗಳುಗಟ್ಟಲೆ ಔಷಧಿ. ಕನ್ನಡಿಯ ಮುಂದೆ ಅತ್ತದ್ದೂ ಉಂಟು. ಲೋಹದ್ದೇ ಹಾಕಿಸಿಕೊಳ್ಳಬೇಕಿತ್ತೇನೋ ಅನ್ನಿಸಿದ್ದೂ ಉಂಟು. ಬೆರಳು ಕೆಳಕ್ಕೆ ಚಾಚಿದರೆ ಹೊಸ ಮಂಡಿ ನೆಟ್ಟಗಾಗುತ್ತದೆ, ಮೇಲಕ್ಕೆತ್ತಿದರೆ ಮಡಿಯುತ್ತದೆ ಎಂದು ಮೈಗೆ ಕಲಿಸಲು ವರ್ಷ ಹಿಡಿಯಿತು.

2000ದ ಕೊನೆಯಲ್ಲಿ ಅವಳು ಶಾಲೆಯ ಮೈದಾನದಲ್ಲಿ ಒಂದು ಸುತ್ತು ಓಡಿದಳು. ಎಲ್ಲರಿಗಿಂತ ಹಿಂದೆ, ಉದ್ದ ಲಂಗ ಹಾರಿಸಿಕೊಂಡು.

ಭಾನುವಾರ ಉಗುರು ಕತ್ತರಿಸುವ ಕೆಲಸ ಅಯ್ಯಮ್ಮನದು. ಎಡಗಾಲಿಗೆ ಮಗಳ ಮುಂದೆ ಕೂರುತ್ತಾಳೆ. ಬಲಗಾಲಿನ ಸರದಿ ಬಂದಾಗ ಎದ್ದು, ಅವಳ ಬೆನ್ನ ಹಿಂದೆ ಬಂದು ಕೂರುತ್ತಾಳೆ.