ಹೊತ್ತಲ್ಲದ ಹೊತ್ತಿನ ಬಾಂಗು

ದೇವರ ಮೇಲೆ ನನಗೆ ಸಿಟ್ಟಿದೆ. ಮುಚ್ಚಿಡುವುದೇನಿದೆ? ಮೆಣಸಗಿಯ ಮಸೀದಿಯಲ್ಲಿ ಹನ್ನೆರಡು ವರ್ಷ, ದಿನಕ್ಕೆ ಐದು ಸಲ ಬಾಂಗು ಕೂಗಿದವನು ನಾನು, ಖಾದರ. ಅವನನ್ನು ಬೈಯಲು ಈ ಊರಿನಲ್ಲಿ ನನಗಿಂತ ಹೆಚ್ಚು ಹಕ್ಕು ಯಾರಿಗಿದೆ?

ಅವತ್ತು ಸಂಜೆ ನಾಲ್ಕೂವರೆಯ ಸುಮಾರಿಗೆ ಪಂಚಾಯಿತಿಯ ಗುರುಪಾದ ಏದುಸಿರು ಬಿಡುತ್ತ ಮಸೀದಿಗೆ ಬಂದ.

"ಖಾದರಣ್ಣಾ, ಮ್ಯಾಲಿನ ಡ್ಯಾಮಿನಿಂದ ಭಾಳ ನೀರ ಬಿಟ್ಟಾರಂತ. ಹೊಳಿ ಊರಾಗ ಹೊಕ್ಕತೈತಿ. ಎಲ್ಲಾರೂ ಸಾಲಿ ದಿಬ್ಬಕ್ಕ ಹೋಗ್ರಿ ಅಂತ ಮೈಕಿನ್ಯಾಗ ಲಗೂ ಹೇಳು!" ಎಂದವನೇ ಹೊಳೆದಂಡೆಯ ಓಣಿಗೆ ಓಡಿದ.

ಬೆಳಗಿನಿಂದ ಕರೆಂಟು ಇರಲಿಲ್ಲ. ಮೈಕು ಬ್ಯಾಟರಿಯ ಮೇಲೆ ನಡೆದಿತ್ತು. ಕಿಟಕಿಯಿಂದ ನೋಡಿದರೆ ಹೊಲ ಯಾವುದು, ಹೊಳೆ ಯಾವುದು ಗೊತ್ತಾಗುತ್ತಿರಲಿಲ್ಲ. ನಮ್ಮಲ್ಲೊಂದು ರೂಢಿ ಇದೆ. ದೊಡ್ಡ ಆಪತ್ತು ಬಂದಾಗ ನಮಾಜಿನ ಹೊತ್ತಲ್ಲದಿದ್ದರೂ ಬಾಂಗು ಕೂಗಿ ದೇವರನ್ನು ಕರೆಯುತ್ತೇವೆ. "ಮೊದಲ ಅವಂಗ ಹೇಳು, ಆಮ್ಯಾಲ ಮಂದಿಗೆ" ಎನ್ನುತ್ತಿದ್ದ ನಮ್ಮಜ್ಜ. ನಾನೂ ಹಾಗೇ ಮಾಡಿದೆ. ಕಿವಿಗೆ ಕೈ ಹಚ್ಚಿ, ಕಣ್ಣು ಮುಚ್ಚಿ, ಕರುಳು ಕಿತ್ತು ಬರುವಂತೆ ಕೂಗಿದೆ. ಬಾಂಗು ಮುಗಿಸಿ "ಮೆಣಸಗಿ ಮಂದಿ, ಕೇಳ್ರಿ" ಎನ್ನುವಷ್ಟರಲ್ಲಿ ಬ್ಯಾಟರಿ ಸತ್ತಿತು.

ಓಣಿ ಓಣಿ ಒದರುತ್ತ ಓಡಿದೆ. ಬಾಗಿಲು ಬಡಿದೆ, ಮುದುಕರನ್ನು ಎಬ್ಬಿಸಿದೆ. ನಮ್ಮ ಓಣಿಗೆ ಮಾತ್ರ ಕೊನೆಗೆ ಹೋದೆ. ನನ್ನ ಹೆಂಡತಿ ಜಹೀದಾ ಜಾಣೆ, ಬಾಂಗು ಕೇಳಿದ ಕೂಡಲೇ ದಿಬ್ಬ ಹತ್ತಿರುತ್ತಾಳೆ ಎಂದು ನನ್ನ ಲೆಕ್ಕ. ಎಂಥಾ ಹುಚ್ಚ ನಾನು!

ಪಕ್ಕದ ಮನೆಯ ಸಿದ್ದವ್ವನ ಬಾಗಿಲಿಗೆ ಬೀಗ ಬಿದ್ದಿತ್ತು. ನಮ್ಮ ಬಾಗಿಲು ತೆರೆದಿತ್ತು. ನೀರು ಸೊಂಟದ ತನಕ ಬಂದಿತ್ತು, ಹಿಂದಿನ ಮಣ್ಣಿನ ಗೋಡೆ ಕುಸಿದಿತ್ತು. ಜಹೀದಾ ಅದರಡಿ ಎದೆಯ ತನಕ ಸಿಕ್ಕಿಬಿದ್ದಿದ್ದಳು. ಉಗುರು ಕಿತ್ತುಹೋಗುವ ಹಾಗೆ ಮಣ್ಣು ಬಗೆದು ಎಳೆದು ತೆಗೆದೆ. ಯಾರದೋ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ರೋಣದ ದವಾಖಾನೆಯ ದಾರಿ ಹಿಡಿದೆವು.

"ಯಾಕ ಕುಂತಿ ಮನ್ಯಾಗ? ನನ್ನ ಬಾಂಗ ಕೇಳಲಿಲ್ಲೇನ?" ಎಂದು ಅವಳ ಮೇಲೆ ರೇಗಿದೆ. ಅಂಥ ಹೊತ್ತಿನಲ್ಲೂ ರೇಗಿದೆ ನೋಡಿ.

"ಕೇಳಿದ್ನಿರಿ," ಎಂದಳು. "ಅಸರ್ ಬಾಂಗ್ ಅಂತ ನಮಾಜಿಗೆ ನಿಂತೆ. ನಿಮ್ಮ ಗಡಿಯಾರ ಇವತ್ತೂ ಅರ್ಧಾ ತಾಸು ಮುಂದ ಓಡೇತಿ ಅನ್ಕೊಂಡೆ."

ಅಸರ್ ಎಂದರೆ ಸಂಜೆ ಐದರ ನಮಾಜು. ನನ್ನ ಗಡಿಯಾರವನ್ನು ಊರೆಲ್ಲ ಆಡಿಕೊಳ್ಳುತ್ತಿತ್ತು, ಇವಳಂತೂ ದಿನಾ ಕಾಡುತ್ತಿದ್ದಳು. ರಿಪೇರಿ ಮಾಡಿಸಿರೆಂದರೆ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಅವಳು ಮುಖದಲ್ಲಿ ಸ್ವಲ್ಪ ನಗು ತಂದುಕೊಂಡಳು. ದವಾಖಾನೆ ಮುಟ್ಟುವ ಮೊದಲೇ ಉಸಿರು ನಿಂತಿತು.

ಮೂರನೆಯ ದಿನ ದಿಬ್ಬದ ಸಾಲೆಯ ವರಾಂಡದಲ್ಲಿ ಕೂತಿದ್ದೆ. ಸಿದ್ದವ್ವ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಜಹೀದಾಳನ್ನು ನೆನೆದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು:

"ನಾ ಮಾತ್ರ ನಿನ್ನಿಂದ ಉಳದೆನಪಾ. ಹೊತ್ತಲ್ಲದ ಹೊತ್ತಿನ್ಯಾಗ ಬಾಂಗ್ ಬಂತು, ನಿನ್ನ ದನಿ ಬ್ಯಾರೇನ ಇತ್ತು. ಏನೋ ಕೇಡ ಬಂತು ಅಂತ ಉಟ್ಟ ಸೀರಿ ಮ್ಯಾಲ ಎದ್ದ ಬಂದೆ. ನೀ ಕರದದ್ದು ಖರೇನ ದೇವರು ಕೇಳ್ಯಾನ, ಖಾದರಾ."

ನನಗೆ ತಡೆಯಲಾಗಲಿಲ್ಲ. "ದೇವ್ರ ಎಲ್ಲಿ ಕೇಳ್ಯಾನಬೇ?" ಎಂದು ಕಿರುಚಿದೆ. "ಜಹೀದಾ ಕೇಳಿದ್ಲು. ಬಾಂಗ್ ಕೇಳಿ ನಮಾಜಿಗೆ ನಿಂತಾಕಿ ಅಕಿ ಒಬ್ಬಾಕಿ!"

ವರಾಂಡದ ಜನರೆಲ್ಲ ತಿರುಗಿ ನೋಡಿದರು. ಸಿದ್ದವ್ವ ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಗೋಳೋ ಎಂದು ಅತ್ತೆ. ಅಳುವಾಗ ಬಾಯಿಂದ ಬಂದದ್ದು "ಯಾ ಅಲ್ಲಾ" ಎಂದೇ. ಬೇರೆ ಯಾರನ್ನೂ ಕರೆಯಲು ನನಗೆ ಬರುವುದಿಲ್ಲ.